ಮೈಸೂರು ರಸ್ತೆಗೆ ಅಡ್ಡವಾದ ಅವ್ವನ ಕಲ್ಲು

ಚನ್ನಪಟ್ಟಣ
೧೪ನೇ ಫೆಬ್ರವರಿ ೧೯೧೩

ಪ್ರೀತಿಯ ಅಪ್ಪಾ,

ಗಣಿಯ ದೂಳಿಗೆ ಹಿಡಿದ ಕೆಮ್ಮು ಕಡಿಮೆಯಾಯಿತೇ? ಕೋಲಾರದ ಕಡೆ ಚಳಿ ಇನ್ನೂ ಇದೆಯಂತೆ, ಕಂಬಳಿ ಹೊದೆಯದೆ ಮಲಗಬೇಡಿ. ಇಲ್ಲಿ ಅಜ್ಜಿ, ರುದ್ರಯ್ಯ ಚಿಕ್ಕಪ್ಪ ಆರೋಗ್ಯವಾಗಿದ್ದಾರೆ. ಈ ಕಾಗದ ಓದಿ ಹೇಳುವವರು ನನ್ನ ಸಿಟ್ಟಿನ ಮಾತುಗಳನ್ನು ನುಂಗದೆ ಪೂರ್ತಿ ಓದಬೇಕು.

ಸ್ಕೂಲು ಬಿಟ್ಟವನು ಎಲ್ಲಿಯೂ ನಿಲ್ಲುವುದಿಲ್ಲವೆಂದು ಬೈದಿದ್ದಿರಿ. ಎರಡು ತಿಂಗಳಿಂದ ಮೈಸೂರು ರಸ್ತೆಯ ಅಳತೆಯಲ್ಲಿ ಸರಪಳಿ ಹಿಡಿಯುತ್ತಿದ್ದೆ. ಬೆಂಗಳೂರಿನಿಂದ ಬಿಡದಿ, ಕ್ಲೋಸ್‌ಪೇಟೆ ದಾಟಿ, ನಮ್ಮ ಪೇಟೆಯ ನಡುವೆ ಹಾಯ್ದು ಮದ್ದೂರಿಗೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ಅಜ್ಜಿ ಸೊಸೆಯಾಗಿ ಬಂದಾಗ ಇದು ಬರೀ ಬಂಡಿಜಾಡು. ಕ್ಲೋಸ್‌ಪೇಟೆಯ ಬಂಡೆಗಳ ಬಳಿ ಕಳ್ಳರ ಭಯಕ್ಕೆ ಹತ್ತು ಬಂಡಿ ಸೇರದೆ ಯಾರೂ ಹೊರಡುತ್ತಿರಲಿಲ್ಲವಂತೆ. ರೈಲು ಬಂದ ಮೇಲೆ ಸರ್ಕಾರ ರಸ್ತೆಯನ್ನು ಮರೆತೇಬಿಟ್ಟಿತು. ಈಗ ದೊಡ್ಡವರ ಮೋಟಾರು ಕುಲುಕಬಾರದಲ್ಲ, ನೆನಪು ಬಂದಿದೆ.

ಅವ್ವ ತುಂಬು ಬಸುರಿಯಾಗಿಯೇ ತೀರಿಕೊಂಡ ವರ್ಷ, ಹೊತ್ತ ಹೊರೆ ಇಳಿಸದೆ ಹೋದ ಜೀವಕ್ಕೆ ಹಗುರವಾಗಲೆಂದು ನೀವು ನಮ್ಮ ಹೊಲದ ಮುಂದೆ ರಸ್ತೆ ಬದಿಯಲ್ಲಿ ಹೊರೆಗಲ್ಲು ನಿಲ್ಲಿಸಿದಿರಿ. ಹೊಂಗನೂರಿನಿಂದ ರೇಷ್ಮೆಗೂಡಿನ ಬುಟ್ಟಿ ಹೊತ್ತು ಬರುವ ಹೆಂಗಸರು ಇಂದಿಗೂ ಯಾರ ನೆರವನ್ನೂ ಕೇಳದೆ ಆ ಚಪ್ಪಡಿಯ ಮೇಲೆ ಹೊರೆ ಇಳಿಸಿ ಉಸಿರಾಡುತ್ತಾರೆ. ಹೋದ ವಾರ ಓವರ್‌ಸೀಯರ್ ಬೆಳಗ್ಗೆ ಹೊಡೆಸಿದ ರಸ್ತೆಯಂಚಿನ ಗೂಟ ಎದುರು ಬದಿಯ ಪರಮಶಿವಯ್ಯನವರ ಅಂಗಡಿ ಜಗಲಿಗೆ ಬಿದ್ದಿತ್ತು. ಮಧ್ಯಾಹ್ನ ಓವರ್‌ಸೀಯರ್‌ಗೆ ಅವರ ಮನೆಯಲ್ಲೇ ಒಬ್ಬಟ್ಟಿನ ಊಟ. ಸಂಜೆಗೆ ರಸ್ತೆ ಐದು ಮೊಳ ನಮ್ಮ ಕಡೆ ಸರಿದು, ನಮ್ಮ ಬದಿಯ ಗೂಟ ಅವ್ವನ ಕಲ್ಲಿನ ಆಚೆ ಬಿತ್ತು, ಕಲ್ಲು ರಸ್ತೆಯೊಳಗಾಯಿತು. ಜಗಲಿ ಉಳಿಯಿತು. ಸರಪಳಿಯ ತುದಿ ಹಿಡಿದಿದ್ದವನು ನಾನೇ.

ಮೊನ್ನೆ ತಾಲ್ಲೂಕಿನ ಅಮಲ್ದಾರರು ತಕರಾರು ಕೇಳಲು ಬಂದಾಗ, ಕಲ್ಲಿರುವುದು ನಮ್ಮ ಹೊಲದೊಳಗೆ ಎಂದರು ಚಿಕ್ಕಪ್ಪ. ಅಮಲ್ದಾರರು ನನ್ನನ್ನು ಕೇಳಿದರು. ಕಲ್ಲು ನಮ್ಮ ಹೊಲದಿಂದ ಎರಡು ಮೊಳ ಆಚೆ, ಸರ್ಕಾರದ ಜಾಗದಲ್ಲಿದೆ ಎಂದೆ. ಗೂಟ ಸರಿದದ್ದು ಒಬ್ಬಟ್ಟು ತಿಂದ ಮೇಲೆ ಎಂದೂ ಹೇಳಿದೆ. ಗುಮಾಸ್ತ ಮೊದಲನೆಯದನ್ನು ಬರೆದುಕೊಂಡ. ಎರಡನೆಯದಕ್ಕೆ ಲೇಖನಿ ಒರೆಸಿ ಇಟ್ಟ. ಸೋಮವಾರ ಕಲ್ಲನ್ನು ಒಡೆದು ಜಲ್ಲಿ ಮಾಡಬೇಕೆಂದು ಹುಕುಂ ಆಯಿತು. ಒಂದು ನಿಜಕ್ಕೆ ಕಿವಿ, ಇನ್ನೊಂದಕ್ಕೆ ಕಿವುಡು, ಇದು ಯಾವ ನ್ಯಾಯ? ಸರಪಳಿಯನ್ನು ಓವರ್‌ಸೀಯರ್ ಕಾಲ ಬಳಿ ಬಿಸಾಡಿ ಬಂದೆ. ಚಿಕ್ಕಪ್ಪ ಮನೆ ಬಾಗಿಲಲ್ಲೇ ತಡೆದು, “ಒಸಿ ಸುಮ್ಕಿದ್ದಿದ್ರೆ ನಿನ್ ಗಂಟೇನ್ಲಾ ಹೋಗ್ತಿತ್ತು? ನಿಮ್ಮವ್ವನ ಕಲ್ಲ ನೀನೇ ಕೀಳಿಸ್ಬುಟ್ಟೆ” ಎಂದರು. ಆ ರಾತ್ರಿ ಉಣ್ಣದೆ ಕಲ್ಲಿನ ಬಳಿ ಹೋಗಿ ಕೂತೆ, ಅಪ್ಪಾ. ಆದರೂ ಆ ಎರಡು ಮೊಳವನ್ನು ಇಲ್ಲವೆನ್ನಲು ನನಗೆ ಬಾರದು.

ಅಜ್ಜಿ ನಿಮ್ಮನ್ನು ಹರಸಿದ್ದಾಳೆ. ಓದಿ ಹೇಳಿದವರಿಗೂ ನಮಸ್ಕಾರ.

ನಿಮ್ಮ ಮಗ,
ಗವಿಸಿದ್ದಯ್ಯ

ಉ. ಲೇ.: ಇದನ್ನು ಬರೆಯಲು ಕೈ ಬರದೆ ಕೊನೆಗೆ ಬರೆಯುತ್ತಿದ್ದೇನೆ. ಇಂದು ಬೆಳಗ್ಗೆ ಹೊಂಗನೂರಿನ ಬೋರಮ್ಮ ಮತ್ತವಳ ಜೊತೆಯವರು ಬುಟ್ಟಿ ಇಳಿಸಿ ಕೈಹಾಕಿದರು. ಕಲ್ಲನ್ನು ನಮ್ಮ ಹೊಲದೊಳಕ್ಕೆ ಎಳೆದು ನಿಲ್ಲಿಸಿದೆವು. ಅದಕ್ಕಾಗಿ ನೀವು ನೆಟ್ಟ ಹಿಪ್ಪುನೇರಳೆಯಲ್ಲಿ ಎರಡು ಸಾಲು ಕಿತ್ತಿದ್ದೇನೆ, ದಾರಿಯವರು ಬರಲೆಂದು ಬೇಲಿಯನ್ನೂ ತೆಗೆದಿದ್ದೇನೆ. ನಿಮ್ಮನ್ನು ಕೇಳಲಿಲ್ಲ. ಹೊಲ ನಿಮ್ಮದು, ನೀವು ಹೇಳದೆ ಕಲ್ಲನ್ನು ಅಲ್ಲಿ ಉಳಿಸುವುದಿಲ್ಲವೆಂದು ಚಿಕ್ಕಪ್ಪ ಹಾರೆ ಹಿಡಿದು ಕೂತಿದ್ದಾರೆ. ಇರಲಿ ಎಂದು ಅವರಿಗೆ ಒಂದು ಕಾರ್ಡು ಬರೆಸಿ. ಬೈಗುಳವನ್ನು ನನಗೆ ಬೇರೆ ಕಾಗದದಲ್ಲಿ ಬರೆಸಿ.