ಹತ್ತೊಂಬತ್ತನೇ ಗೇಟಿನ ಒಂಬತ್ತು ನಿಮಿಷ

ಕೆಂಪಮರಡಿ, ಹತ್ತೊಂಬತ್ತನೇ ಗೇಟಿನ ಕಚೇರಿ
ಬಿಡುವು ತಿಂಗಳ ಮೂರನೇ ದಿನ, ಇಸವಿ 2219

ಮಾನ್ಯ ಎಂ. ಗಡಾದ ಅವರಿಗೆ ನೀಲವ್ವ ಹೂಗಾರಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸುತ್ತೀರಿ ಎಂದು ಗೊತ್ತು. ನಿಮ್ಮ ಕಾಲದಲ್ಲಿ ಬಿಡುವು ಎಂಬ ತಿಂಗಳಿರಲಿಲ್ಲ. ಬೇಸಿಗೆ ತೀರಾ ಕಾದ ಮೇಲೆ ನಮ್ಮವರು ಮೇ ಮತ್ತು ಜೂನ್ ನಡುವೆ ಹದಿನೈದು ದಿನ ತೆಗೆದಿಟ್ಟು ಅದಕ್ಕೆ ಈ ಹೆಸರು ಕೊಟ್ಟರು. ಆ ಹದಿನೈದು ದಿನ ಶಾಲೆ, ಕಟ್ಟಡದ ಕೆಲಸ ಯಾವುದೂ ಇಲ್ಲ. ಜನ ನೆಲದಡಿಯ ತಂಪುಮನೆಗಳಲ್ಲಿ ಉಳಿದು ಹೊಲಿಯುತ್ತಾರೆ, ಹಾಡುತ್ತಾರೆ, ಮದುವೆ ಮಾತಾಡುತ್ತಾರೆ. ನಮ್ಮಂಥ ಗೇಟಿನವರಿಗೆ ಮಾತ್ರ ಬಿಡುವಿಲ್ಲ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ. ನಿಮ್ಮ ಕನ್ನಡದಲ್ಲಿ ನನಗೆ ತಿಳಿಯದ ಪದಗಳಿದ್ದವು, ನಾನೂ ಮನ್ನಿಸಿದ್ದೇನೆ. ನೂರ ತೊಂಬತ್ತು ವರ್ಷ ಹಿಂದಿರುವ ನಿಮಗೆ ಈ ಪತ್ರ ತಲುಪುವ ದಾರಿಯಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ. ಮೂರು ದಿನದಿಂದ ಊಟ ರುಚಿಸುತ್ತಿಲ್ಲ, ಅಷ್ಟು ಸಂಭ್ರಮ ನನಗೆ.

ನಮ್ಮ ಊರುಗಳ ನಡುವೆ ಈಗ ರಸ್ತೆಗಿಂತ ನೀರೇ ಹೆಚ್ಚು. ಕೃಷ್ಣೆಯನ್ನೂ ಅದರ ಹಳ್ಳಗಳನ್ನೂ ಕಾಲುವೆಗಳಿಂದ ಜೋಡಿಸಿ ನಲವತ್ತೆರಡು ಗೇಟು ಕಟ್ಟಿದ್ದಾರೆ. ಬೆಳಗಾದರೆ ಮಕ್ಕಳು ದೋಣಿಯಲ್ಲಿ ಶಾಲೆಗೆ ಹೋಗುತ್ತಾರೆ, ಅದೇ ದೋಣಿಯಲ್ಲಿ ಸಜ್ಜೆರೊಟ್ಟಿಯ ಬುಟ್ಟಿಗಳೂ ಮೊಸರಿನ ಗಡಿಗೆಗಳೂ ಸಂತೆಗೆ ಹೋಗುತ್ತವೆ. ಗೇಟುಗಳನ್ನು ತೆರೆಯುವುದು, ಮುಚ್ಚುವುದು, ಯಾವ ದೋಣಿ ಮೊದಲು ಎಂದು ತೀರ್ಮಾನಿಸುವುದು ಎಲ್ಲವೂ ನಾವು ಹೆಣಿಕೆ ಎಂದು ಕರೆಯುವ ಒಂದೇ ದೊಡ್ಡ ಬರಹದಿಂದ. ನೀವು ಅದನ್ನು ಕೋಡ್ ಎನ್ನುತ್ತಿದ್ದಿರಂತೆ. ಇನ್ನೂರು ವರ್ಷಗಳಲ್ಲಿ ಸಾವಿರಾರು ಜನ ಬರೆದು, ತಿದ್ದಿ, ತೇಪೆ ಹಾಕಿ, ಈಗ ಅದು ಒಂದು ಕೋಟಿ ಹತ್ತು ಲಕ್ಷ ಸಾಲಾಗಿದೆ. ಅದನ್ನು ಪೂರ್ತಿ ಓದಿದವರು ಯಾರೂ ಇಲ್ಲ. ನಮ್ಮ ಹಿರಿಯರಾದ ಈರಪ್ಪ ಕಡಪಟ್ಟಿಯವರು ಹನ್ನೊಂದು ವರ್ಷ ದಿನವೂ ಕೂತು ಓದಿ, ಬರೀ ನಮ್ಮ ಗೇಟಿನ ಭಾಗ ಮುಗಿಸಿದರು. ಅವರನ್ನು ನಾನು ಕಾಕಾ ಎನ್ನುತ್ತೇನೆ.

ನಾನು ಮೊದಲು ಇಲ್ಲಿಯವಳಲ್ಲ. ಹದಿನಾಲ್ಕು ವರ್ಷ ಆಸ್ಪತ್ರೆ ದೋಣಿ ನಡೆಸಿದವಳು. ರೋಗಿಗಳನ್ನು ಮೇಲಿನ ಊರುಗಳಿಂದ ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ಯುವ ದೋಣಿ ಅದು. ಉಳಿದ ಗೇಟುಗಳೆಲ್ಲ ನಮ್ಮನ್ನು ಕಂಡ ಕೂಡಲೇ ತೆರೆಯುತ್ತಿದ್ದವು. ಹತ್ತೊಂಬತ್ತನೆಯದು ಮಾತ್ರ ನಿಲ್ಲಿಸುತ್ತಿತ್ತು. ದೋಣಿ ಹೊಸ್ತಿಲಿಗೆ ಬಂದ ಮೇಲೆ ಗೋಪುರದ ಮೇಲೊಂದು ಹಳದಿ ದೀಪ ಹತ್ತಿ, ಸರಿಯಾಗಿ ಒಂಬತ್ತು ನಿಮಿಷ ಕಳೆದ ಮೇಲೆಯೇ ಗೇಟು ಏಳುತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಐದು ವರ್ಷದ ಹಿಂದೆ ನನ್ನ ದೋಣಿಯಲ್ಲಿ ಶಂಕ್ರಯ್ಯ ಮಾಸ್ತರರಿದ್ದರು. ನನಗೆ ಅಕ್ಷರ ಕಲಿಸಿದವರು. ಆ ಒಂಬತ್ತು ನಿಮಿಷದ ಆರನೆಯದರಲ್ಲಿ ಅವರ ನಾಡಿ ನಿಂತಿತು. ನಾನು ಹಳದಿ ದೀಪ ನೋಡುತ್ತ ಅವರ ಕೈ ಹಿಡಿದು ಕೂತಿದ್ದೆ. ಮರುವರ್ಷವೇ ದೋಣಿ ಬಿಟ್ಟು ಗೇಟಿನ ಕೆಲಸಕ್ಕೆ ಅರ್ಜಿ ಹಾಕಿದೆ. ನಿಜ ಹೇಳಬೇಕೆಂದರೆ, ಆ ತಡೆಯನ್ನು ಕಿತ್ತುಹಾಕುವ ಒಂದೇ ಆಸೆಯಿಂದ ಬಂದವಳು ನಾನು.

ಈ ವರ್ಷ ನದಿ ಮಂಡಳಿಯೂ ಅದನ್ನೇ ಹೇಳಿತು. ಮಳೆಗಾಲಕ್ಕೆ ಮೊದಲು ಒಂಬತ್ತು ನಿಮಿಷದ ತಡೆ ತೆಗೆಯಿರಿ, ಆರು ದಿನ ಸಮಯವಿದೆ ಎಂದು ಪತ್ರ ಬಂತು. ಜೊತೆಗೆ ಒಂದು ಜಾಡುಗವನ್ನೂ ಕೊಟ್ಟರು. ಜಾಡುಗ ಎಂದರೆ ಹೆಣಿಕೆಯೊಳಗೆ ಜಾಡು ಹಿಡಿದು ಹೋಗುವ ಬುದ್ಧಿಯಂತ್ರ. ನಿಮ್ಮ ಕಾಲದಲ್ಲಿ ಅದರ ಮುತ್ತಜ್ಜಂದಿರು ಆಗಷ್ಟೇ ಅಂಬೆಗಾಲಿಡುತ್ತಿದ್ದರೆಂದು ಓದಿದ್ದೇನೆ. ನಮ್ಮದು ನಮ್ಮ ಕಡೆಯ ಮಾತನ್ನೇ ಆಡುತ್ತದೆ. ಯಾವ ಸಾಲು ಯಾವುದನ್ನು ಕರೆಯುತ್ತದೆ, ಒಂದನ್ನು ಮುಟ್ಟಿದರೆ ಎಲ್ಲೆಲ್ಲಿ ಅಲುಗುತ್ತದೆ ಎಂದು ಕೇಳಿದರೆ, ನಾವು ನೀರು ಕುಡಿದು ಲೋಟ ಇಡುವಷ್ಟರಲ್ಲಿ ಹುಡುಕಿ ತರುತ್ತದೆ. ಕಾಕಾಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಹನ್ನೊಂದು ವರ್ಷ ಕಣ್ಣು ಸವೆಸಿದವರಿಗೆ ಹೇಗೆ ಬಂದೀತು? ಅವರು ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಮೊದಲ ದಿನವೇ ಜಾಡುಗ ಉತ್ತರ ಕೊಟ್ಟಿತು. ಆ ತಡೆಯನ್ನು ಕರೆಯುವ ಜಾಗ ಮೂರೇ ಮೂರು, ತೆಗೆದರೆ ಹೆಣಿಕೆಯ ಬೇರೆ ಯಾವ ಭಾಗಕ್ಕೂ ಧಕ್ಕೆಯಿಲ್ಲ ಎಂದಿತು. ನನಗೆ ಬೇಕಾದದ್ದು ಅಷ್ಟೇ. ಅಳಿಸುವ ಆಜ್ಞೆ ಬರೆದು ಮುಗಿಸಿದ್ದೆ, ಒಪ್ಪಿಗೆ ಹೇಳುವುದೊಂದು ಬಾಕಿ. ಆಗ ಹಳೆಯ ಸಿಟ್ಟು ಎದ್ದು ಬಂತು. ಮಾಸ್ತರರನ್ನು ತಡೆದು ನಿಲ್ಲಿಸಿದವನ ಹೆಸರು ತಿಳಿದು ಮನಸಾರೆ ಒಮ್ಮೆ ಬೈಯಬೇಕೆನಿಸಿತು. ತಪ್ಪು ತಿಳಿಯಬೇಡಿ ಗಡಾದ ಅವರೇ, ನಾನು ನಿಮ್ಮನ್ನು ಹುಡುಕಿದ್ದು ಬೈಯುವುದಕ್ಕೇ.

"ಇದನ್ನ ಯಾರು ಬರದಾರ, ಹುಡುಕು" ಎಂದೆ.

ಆಮೇಲೆ ನಡೆದದ್ದನ್ನು ಹೇಗೆ ವರ್ಣಿಸಲಿ! ನಿಮ್ಮ ಸಾಲು ಇನ್ನೂರು ವರ್ಷಗಳಲ್ಲಿ ನಾಲ್ಕು ಸಲ ಹೆಸರು ಬದಲಿಸಿತ್ತು. ಮೂರು ಸಲ ಇಡೀ ಹೆಣಿಕೆಯನ್ನು ಒಂದು ಯಂತ್ರಭಾಷೆಯಿಂದ ಇನ್ನೊಂದಕ್ಕೆ ಹೊರಳಿಸಿದ್ದರು. ಜಾಡುಗ ಒಂದೊಂದು ಪದರ ಬಿಡಿಸುತ್ತ ಹಿಂದೆ ಹೋಯಿತು. ಇಲ್ಲಿ ಇದು ಬೇರೆ ಕಡತದಿಂದ ಬಂದಿದೆ, ಇಲ್ಲಿ ಎರಡು ತುಂಡಾಗಿತ್ತು, ಇಲ್ಲಿ ಒಬ್ಬರು ಇದನ್ನು ಅಳಿಸಿ ಮರುದಿನವೇ ಮತ್ತೆ ಹಾಕಿದ್ದಾರೆ ಎಂದು ಹೇಳುತ್ತ ಹೋಯಿತು. ಒಂದು ಹಂತದಲ್ಲಿ ಈ ತಡೆಗೆ ಮೊದಲು ಒಂದು ಸೈರನ್ ಕೂಗುತ್ತಿತ್ತು, ತೊಂಬತ್ತು ವರ್ಷದ ಹಿಂದೆ ಅದನ್ನು ತೆಗೆದಿದ್ದಾರೆ ಎಂದಿತು. ನಾನು ಎದ್ದು ನಿಂತುಬಿಟ್ಟಿದ್ದೆ. ಕಾಕಾ ಯಾವಾಗ ಕುರ್ಚಿ ತಿರುಗಿಸಿದರೋ ನೋಡಲಿಲ್ಲ, ನನ್ನ ಹೆಗಲ ಹತ್ತಿರವೇ ಬಂದಿದ್ದರು. ಕೊನೆಗೆ 2029ರ ಪದರ ಸಿಕ್ಕಿತು. ಅಲ್ಲಿ ನಿಮ್ಮ ಸಹಿ, ಅದರ ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ. ಹಳೆಯ ಹೊರಳಿಕೆಯ ಯಂತ್ರಗಳು ಅದಕ್ಕೆ ಅರ್ಥವಿಲ್ಲದ ಅಕ್ಷರಗಳು ಎಂಬ ಚೀಟಿ ಅಂಟಿಸಿ ಪಕ್ಕಕ್ಕೆ ಇಟ್ಟಿದ್ದವು. ಕಾಕಾ ಕೂಡ ಅದನ್ನು ನೋಡಿದ್ದರು, ದಾಟಿ ಹೋಗಿದ್ದರು. ಜಾಡುಗ ಮಾತ್ರ ನಿಂತಿತು. ಇದು ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ, ಓದಲೇ ಎಂದು ಕೇಳಿತು.

ನೀವು ಬರೆದದ್ದು ನಿಮಗೆ ನೆನಪಿದೆಯೋ ಇಲ್ಲವೋ. ನನಗೆ ಬಾಯಿಪಾಠವಾಗಿದೆ: "ಮೊದಲ ನಾಕು ನಿಮಿಷ ಇಟ್ಟಿದ್ದೆ. ಹೊಳಿಯೊಳಗ ಕಲ್ಲಂಗಡಿ ಹಾಕಿದ ಗಂಗವ್ವಗ ಸೈರನ್ ಕೇಳಿ, ಕೋಲು ಹಿಡಕೊಂಡು ದಂಡಿಗೆ ಬರಾಕ ಎಂಟೂವರಿ ನಿಮಿಷ ಬೇಕಾತು. ಒಂಬತ್ತು ಮಾಡೀನಿ. ಇದನ್ನ ಕಡಿಮಿ ಮಾಡೋರು ಮೊದಲ ಹೊಳಿಗೆ ಹೋಗಿ ನೋಡ್ರಿ."

ಕಾಕಾ ಮೆಲ್ಲಗೆ ಕೂತುಕೊಂಡರು. "ಹನ್ನೊಂದು ವರ್ಷ ನಾ ಇದನ್ನ ಕಸ ಅಂತ ತಿಳದಿದ್ನಲ್ಲ ನೀಲವ್ವಾ" ಎಂದರು. ಆಮೇಲೆ ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಗೇಟು ಎದ್ದಾಗ ಕೆಳಗಿನ ಹೊಳೆಗೆ ನುಗ್ಗುವ ನೀರಿಗೆ ಮೊದಲು ಅವಳು ದಂಡೆ ಸೇರಲೆಂದೇ ಆ ತಡೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಬೈಯಲೆಂದು ನಾನು ಹುಡುಕಿದ ನೀವು, ಒಬ್ಬ ಮುದುಕಿಯನ್ನು ಮರಳಿನಲ್ಲಿ ನಡೆಸಿ, ಗಡಿಯಾರ ಹಿಡಿದು ದಂಡೆಯ ಮೇಲೆ ಕಾದು ನಿಂತವರು!

ಈಗ ಹೊಳೆಯಲ್ಲಿ ಯಾರಿದ್ದಾರೆ ಎಂದು ಜಾಡುಗವನ್ನು ಕೇಳಿದೆ. ತನಗೆ ತಿಳಿಯದು, ತಾನು ಕಂಡದ್ದು ಹೆಣಿಕೆಯನ್ನು ಮಾತ್ರ, ಹೊಳೆ ಅದರೊಳಗಿಲ್ಲ, ಯಾರಾದರೂ ಹೋಗಿ ನೋಡುವುದು ಒಳ್ಳೆಯದು ಎಂದಿತು. ಅಲ್ಲಿ ಯಾರೂ ಇರಲಾರರು ಎಂದು ಕಾಕಾ ಹೇಳಿದರು. ನೂರು ವರ್ಷದಿಂದ ಆ ಪಾತ್ರ ನೀರಿನಲ್ಲೇ ಮುಳುಗಿತ್ತು, ಅದಕ್ಕೇ ಸೈರನ್ ತೆಗೆದದ್ದು. ನಮ್ಮ ನಕಾಶೆಯಲ್ಲೂ ನೀಲಿ ಬಣ್ಣವೇ ಇದೆ. ಆದರೂ ಮರುದಿನ ಬೆಳಿಗ್ಗೆ ಇಬ್ಬರೂ ದಂಡೆ ಹಿಡಿದು ನಡೆದೆವು.

ನದಿ ಪಕ್ಕಕ್ಕೆ ಸರಿದಿತ್ತು. ಏಳು ವರ್ಷವಾಯಿತಂತೆ, ಹೊಸ ಕಾಲುವೆ ತೆಗೆದ ಮೇಲೆ. ದೋಣಿಗಳು ಗೇಟು ದಾಟಿದ ಕೂಡಲೇ ಕಾಲುವೆಗೆ ಹೊರಳುತ್ತವೆ, ಹಾಗಾಗಿ ದೋಣಿ ನಡೆಸುವಾಗ ನನಗಾಗಲಿ ಕಚೇರಿಯಲ್ಲಿ ಕೂತ ನಮಗಾಗಲಿ ಅದು ಗೊತ್ತೇ ಇರಲಿಲ್ಲ. ಗೇಟಿನ ತಿರುವು ದಾಟಿದರೆ ಉದ್ದಕ್ಕೂ ಒಣಗಿದ ಮರಳು, ಮರಳಿನಲ್ಲಿ ಸವತೆ ಬಳ್ಳಿ, ಕರಬೂಜ, ದಂಡೆಯ ಮೇಲೆ ಗಿಡ್ಡ ಗುಡಿಸಲುಗಳು. ನಲವತ್ತಕ್ಕೂ ಹೆಚ್ಚು ಜನ ಬಾಗಿ ಕೆಲಸ ಮಾಡುತ್ತಿದ್ದರು. ಬದಿಯಲ್ಲಿ ತೊಟ್ಟಿಲು ಕಟ್ಟಿದ್ದರು. ಹಿಂದಿನ ದಿನ ನಾನು ಒಪ್ಪಿಗೆ ಹೇಳಿದ್ದರೆ, ಮುಂದಿನ ದೋಣಿಗೆ ಗೇಟು ಎದ್ದಾಗ, ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುವ ನೀರೇ ಆದರೂ, ಆಳೆತ್ತರಕ್ಕೆ ಹೇಳದೆ ಕೇಳದೆ ಇವರ ಮೇಲೆ ಬೀಳುತ್ತಿತ್ತು.

ಅವರ ಪೈಕಿ ಹಿರಿಯಳು ದ್ಯಾಮವ್ವ, ಎಪ್ಪತ್ತು ದಾಟಿದವಳು. ಸೈರನ್ ಇಲ್ಲದೆ ಇಷ್ಟು ವರ್ಷ ಹೇಗೆ ಉಳಿದಿರಿ ಎಂದು ಕೇಳಿದೆ. ಅವಳು ಗೋಪುರದ ಕಡೆ ಕೈ ಮಾಡಿ ತೋರಿಸಿದಳು.

"ಹಳದಿ ದೀಪ ಹತ್ತಿದ ಕೂಡ್ಲೆ ನಾವು ಮ್ಯಾಲ ಬರ್ತೀವಿ. ಅದು ನಮ್ಮ ಸಲುವಾಗೇ ಹತ್ತತದ, ಅಲ್ಲೇನವ್ವಾ?"

ಹೌದು ಎಂದೆ.

ಅವಳನ್ನೇ ಬೇಡಿಕೊಂಡೆವು. ಅತಿ ದೂರದ ಮಡಿಯಿಂದ ದಂಡೆಯವರೆಗೆ ನಡೆದು ತೋರಿಸಿದಳು. ಹನ್ನೊಂದು ನಿಮಿಷ ಹಿಡಿಯಿತು. ಆ ಮಡಿಗೆ ಇಷ್ಟು ದಿನ ಓಡಿಬರಬಲ್ಲ ಹುಡುಗರನ್ನಷ್ಟೇ ಕಳಿಸುತ್ತಿದ್ದರಂತೆ. ಇವರು ನಿಮ್ಮ ಗಂಗವ್ವನಿಗಿಂತ ಹೆಚ್ಚು ದೂರ ಬಿತ್ತಿದ್ದಾರೆ. ಅಂದರೆ ತಡೆಯನ್ನು ತೆಗೆಯುವುದಿರಲಿ, ಹೆಚ್ಚಿಸಬೇಕಿತ್ತು. ಆದರೆ ಮಾಸ್ತರರ ಕೈ ನನ್ನ ಕೈಯೊಳಗೆ ತಣ್ಣಗಾದದ್ದನ್ನು ನಾನು ಮರೆಯುವುದು ಹೇಗೆ? ದೋಣಿಯೂ ನಿಲ್ಲಬಾರದು, ಇವರೂ ಮುಳುಗಬಾರದು. ಕಚೇರಿಗೆ ಬಂದು ಜಾಡುಗದ ಮುಂದೆ ಕೂತು ಇದನ್ನೇ ಕೇಳಿದೆ. ಎರಡು ದಿನ ಅದೂ ನಾನೂ ಕಾಕಾನೂ ಹೆಣಿಕೆಯನ್ನು ಮೇಲೆ ಕೆಳಗೆ ತಿರುವಿದೆವು. ಒಂದು ಸಲ ಅದು ತಪ್ಪು ಜಾಡು ಹಿಡಿದಾಗ ಕಾಕಾ ತಮ್ಮ ಹನ್ನೊಂದು ವರ್ಷದ ಓದಿನಿಂದ ತಿದ್ದಿದರು. ಅದು ಕೂಡಲೇ ಒಪ್ಪಿ ದಾರಿ ಬದಲಿಸಿತು, ಅವರು ಮೀಸೆಯಡಿ ನಕ್ಕರು. ಕೊನೆಗೆ ಸಿಕ್ಕಿತು. ದೋಣಿ ಹದಿನೆಂಟನೇ ಗೇಟು ಬಿಟ್ಟ ಕ್ಷಣವನ್ನು ಹೆಣಿಕೆ ಆಗಲೇ ಎಲ್ಲೋ ಬರೆದಿಟ್ಟುಕೊಳ್ಳುತ್ತಿತ್ತು, ಯಾರೂ ಬಳಸುತ್ತಿರಲಿಲ್ಲ. ಅಲ್ಲಿಂದ ನಮ್ಮಲ್ಲಿಗೆ ಇಪ್ಪತ್ತು ನಿಮಿಷದ ದಾರಿ. ದೋಣಿ ಅಲ್ಲಿ ಬಿಟ್ಟಾಗಲೇ ಇಲ್ಲಿ ದೀಪ ಹತ್ತಿದರೆ, ದೋಣಿ ಬರುವಷ್ಟರಲ್ಲಿ ಹೊಳೆಯಲ್ಲಿ ಯಾರೂ ಇರುವುದಿಲ್ಲ. ಬರೆದದ್ದು ಒಟ್ಟು ಆರು ಸಾಲು! ದೀಪದ ಜೊತೆಗೆ ಸೈರನ್ನನ್ನೂ ಮರಳಿ ಕೂಡಿಸಿದೆವು. ತಡೆ ಹನ್ನೆರಡು ನಿಮಿಷವಾಯಿತು, ಕಾಯುವಿಕೆ ಸೊನ್ನೆಯಾಯಿತು. ಮಂಡಳಿ ನಮ್ಮ ಟಿಪ್ಪಣಿ ಓದಿ ಒಂದೇ ದಿನದಲ್ಲಿ ಒಪ್ಪಿತು.

ನಿನ್ನೆ ಮಧ್ಯಾಹ್ನ ಮೊದಲ ಆಸ್ಪತ್ರೆ ದೋಣಿ ಬಂತು. ಒಳಗೆ ಹೆರಿಗೆ ನೋವಿನ ಹೆಂಗಸು. ಸೈರನ್ ಕೂಗಿತು, ದೀಪ ಹತ್ತಿತು, ದಂಡೆಯ ಮೇಲಿದ್ದ ಕಾಕಾ ತಲೆ ಎಣಿಸಿ ಎಲ್ಲರೂ ಮೇಲೆ ಬಂದರು ಎಂದು ಹೇಳಿ ಕಳಿಸಿದರು. ದೋಣಿ ತಿರುವಿನಲ್ಲಿ ಕಂಡಿತು, ಗೇಟು ಎದ್ದಿತು, ಅದು ವೇಗವನ್ನು ತಗ್ಗಿಸಲೂ ಇಲ್ಲ. ನನ್ನ ಮುಂದೆ ಬಾಣದಂತೆ ಹಾದುಹೋಯಿತು. ನಡೆಸುತ್ತಿದ್ದ ಹೆಂಗಸು ನಿಲ್ಲಲು ಸಿದ್ಧಳಾಗಿ ಹಗ್ಗ ಹಿಡಿದಿದ್ದಳು, ಅದನ್ನು ಕೈಯಲ್ಲೇ ಹಿಡಿದುಕೊಂಡು ಬೆರಗಾಗಿ ಹಿಂತಿರುಗಿ ನೋಡಿದಳು. ಸಂಜೆ ಸುದ್ದಿ ಬಂತು, ಹೆಣ್ಣು ಮಗು, ತಾಯಿ ಮಗು ಕ್ಷೇಮ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮೇಜಿನ ಮೇಲೂ ಇಂಥದೊಂದು ಯಂತ್ರ ಈಗಷ್ಟೇ ಬಂದಿರಬಹುದು. ಎಲ್ಲಿದೆ ಎಂದು ಕೇಳಿದರೆ ಅದು ತಟ್ಟನೆ ಹೇಳುತ್ತದೆ. ಅಲ್ಲಿಗೇ ಬಿಡಬೇಡಿ. ನಿನಗೆ ಎಲ್ಲಿಯವರೆಗೆ ಕಂಡಿತು, ಎಲ್ಲಿಂದಾಚೆ ಕಾಣಲಿಲ್ಲ ಎಂದೂ ಕೇಳಿ. ಕಾಣದ ಕಡೆಗೆ ಕಾಲೆತ್ತಿ ನಡೆಯುವುದು ನಮ್ಮ ಕೆಲಸ.

ಇನ್ನು ಹೊರಡುತ್ತೇನೆ. ಇಪ್ಪತ್ತಮೂರನೇ ಗೇಟಿನಲ್ಲಿ ಹದಿನೇಳು ಸೆಕೆಂಡಿನ ಇನ್ನೊಂದು ತಡೆಯಿದೆ ಎಂದು ಜಾಡುಗ ಈಗಷ್ಟೇ ಹೇಳಿತು. ಟಿಪ್ಪಣಿ ಇಲ್ಲ, ಸಹಿ ನಿಮ್ಮದೇ. ಕಾಕಾ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

ಇತಿ,
ನೀಲವ್ವ ಹೂಗಾರ