ಸೇರದೆಯೇ ಬಿಟ್ಟುಹೋದವಳು

ಪ್ರವೇಶ ದಾಖಲೆಗಳ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಮೇಲಧಿಕಾರಿಗಳೇ,

ಮದ್ದೂರಿನ ರುಮಾನಾ ಎಂಬ ಹದಿನೇಳು ವರ್ಷದ ಹುಡುಗಿ, ಮಳವಳ್ಳಿ ತಾಲ್ಲೂಕಿನಲ್ಲಿ ನಾನು ಪಾಠ ಹೇಳುವ ಐಟಿಐಯಲ್ಲಿ ಒಂದು ದಿನವೂ ತರಗತಿಗೆ ಕೂತವಳಲ್ಲ. ನಿಮ್ಮ ಪೋರ್ಟಲ್ ಹೇಳುವುದೇ ಬೇರೆ. ಅದರ ಪ್ರಕಾರ ಆಕೆ ಕಳೆದ ವರ್ಷ ಇಲ್ಲಿ ವೆಲ್ಡರ್ ಕೋರ್ಸಿಗೆ ಸೇರಿದಳು, ವರ್ಷವಿಡೀ ಗೈರಾದಳು, ಕೊನೆಗೆ ‘ಕಲಿಕೆಯಲ್ಲಿ ಆಸಕ್ತಿಯಿಲ್ಲದೆ’ ಬಿಟ್ಟುಹೋದಳು. ಈ ದಾಖಲೆಯ ದೆಸೆಯಿಂದ ಈ ವರ್ಷ ಮಂಡ್ಯದಲ್ಲಿ ಆಕೆಗೆ ನ್ಯಾಯವಾಗಿ ಸಿಕ್ಕ ಎಲೆಕ್ಟ್ರಿಷಿಯನ್ ಸೀಟು ಕೈತಪ್ಪುತ್ತಿದೆ. ಪ್ರವೇಶಕ್ಕೆ ಕೊನೆಯ ದಿನ ಇದೇ ತಿಂಗಳ ಮೂವತ್ತು. ದಾಖಲೆ ಸುಳ್ಳು. ಅದನ್ನು ಬರೆದವನು ನಾನು. ಬರೆದ ಕೈಯೇ ಅದನ್ನು ಅಳಿಸಿ ಎಂದು ನಾಲ್ಕು ವಾರದಿಂದ ಬೇಡುತ್ತಿದ್ದರೂ ನಿಮ್ಮ ಕಚೇರಿ ಒಪ್ಪುತ್ತಿಲ್ಲ. ಆದ್ದರಿಂದ ಈ ಸಲ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ನಾನು ಫಿಟ್ಟರ್ ವಿಭಾಗದ ಬೋಧಕ. ಹದಿನೆಂಟು ವರ್ಷದ ಸೇವೆ. ಕಂಪ್ಯೂಟರಿನ ಮುಂದೆ ಹೆದರದೆ ಕೂರುತ್ತೇನೆ ಎಂಬ ಒಂದೇ ಅಪರಾಧಕ್ಕೆ ಪ್ರವೇಶದ ಕೆಲಸವೂ ಆರು ವರ್ಷದಿಂದ ನನ್ನ ತಲೆಗೇ ಬಿದ್ದಿದೆ. ಕಳೆದ ವರ್ಷ ಪ್ರವೇಶದ ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ವೆಲ್ಡರ್ ತರಗತಿಗೆ ಸೇರಿದ್ದವರು ಹನ್ನೆರಡು ಮಂದಿ. ಹದಿನಾರು ಆಗದಿದ್ದರೆ ತರಗತಿ ಮುಚ್ಚತಕ್ಕದ್ದು ಎಂದು ನಿಮ್ಮ ಸುತ್ತೋಲೆ. ಆ ಹನ್ನೆರಡರಲ್ಲಿ ಎಂಟು ಹುಡುಗರು ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲ ಬರೆದು ಪಾಸಾದವರು, ಬೇರೆ ಎಲ್ಲಿಯೂ ಅವರನ್ನು ಕರೆದು ಕೂರಿಸುವವರಿರಲಿಲ್ಲ. ವೆಲ್ಡಿಂಗ್ ಕಲಿಸುವ ಕಸ್ತೂರಿರಂಗ ಅತಿಥಿ ಬೋಧಕ, ತರಗತಿ ಹೋದರೆ ಅವನ ಕೆಲಸವೂ ಹೋಯಿತು. ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಏನಾರ ಮಾಡಿ ಸಾರ್. ಉಡುಗ್ರು ಆಗ್ಲೇ ಬೂಟು ತಗೊಂಬುಟ್ಟವ್ರೆ” ಎಂದ.

ಏನಾದರೂ ಮಾಡಿದೆ. ಎಲೆಕ್ಟ್ರಿಷಿಯನ್ ಸೀಟು ಕೇಳಿ ಕಾಯುವ ಪಟ್ಟಿಯಲ್ಲೇ ಉಳಿದವರ ಅರ್ಜಿಗಳು ನನ್ನ ಬೀರುವಿನಲ್ಲಿದ್ದವು. ಅದರಿಂದ ನಾಲ್ಕು ಹೆಸರು ತೆಗೆದು ವೆಲ್ಡರ್ ಪಟ್ಟಿಗೆ ಏರಿಸಿದೆ. ಮೂವರು ಹುಡುಗರು, ಒಬ್ಬಳು ರುಮಾನಾ. ವಾರದೊಳಗೆ ನಿಜವಾದ ಮಕ್ಕಳು ಯಾರಾದರೂ ಬರುತ್ತಾರೆ, ಆಗ ಈ ಹೆಸರು ತೆಗೆದರಾಯಿತು ಎಂಬ ಮೊಂಡು ಧೈರ್ಯ. ಹಿಂದಿನ ವರ್ಷಗಳಲ್ಲಿ ಹಾಗೆಯೇ ನಡೆದಿತ್ತು. ಪೋಷಕರ ಮೊಬೈಲ್ ಸಂಖ್ಯೆ ಕೇಳಿದ ಕಡೆ ನಾಲ್ವರಿಗೂ ನನ್ನದನ್ನೇ ಹಾಕಿದೆ, ಒಟಿಪಿ ಬರಬೇಕಲ್ಲ. ಸಂಜೆ ಆರಕ್ಕೆ ಪೋರ್ಟಲ್ ಮುಚ್ಚಿತು. ಮರುದಿನ ತೆರೆದು ನೋಡಿದರೆ ಹೆಸರು ತೆಗೆಯುವ ಗುಂಡಿಯೇ ಇಲ್ಲ. ಒಮ್ಮೆ ಸೇರಿಸಿದ ಹೆಸರನ್ನು ಸಂಸ್ಥೆಯವರು ತೆಗೆಯುವಂತಿಲ್ಲ ಎಂದು ನೀವು ಹೊಸ ನಿಯಮ ತಂದಿದ್ದಿರಿ.

ಅಂದಿನಿಂದ ದಿನಾ ಬೆಳಿಗ್ಗೆ ಹತ್ತೂವರೆಗೆ ನನ್ನ ಫೋನಿಗೆ ನಾಲ್ಕು ಸಂದೇಶ. “ಮಾನ್ಯ ಪೋಷಕರೇ, ನಿಮ್ಮ ಮಗಳು ರುಮಾನಾ ಇಂದು ತರಗತಿಗೆ ಗೈರುಹಾಜರಾಗಿರುತ್ತಾಳೆ.” ನನಗೆ ಮಕ್ಕಳಿಲ್ಲ, ಮಾನ್ಯರೇ. ಮೊದಮೊದಲು ನಗು ಬರುತ್ತಿತ್ತು. ಒಂದೇ ಸಲಕ್ಕೆ ನಾಲ್ಕು ಮಕ್ಕಳ ತಂದೆಯಾದೆ ನೋಡು ಎಂದು ಕಸ್ತೂರಿರಂಗನಿಗೆ ಫೋನು ತೋರಿಸಿ ತಮಾಷೆ ಮಾಡಿದ್ದೂ ಉಂಟು. ಆಮೇಲೆ ಓದದೆ ಅಳಿಸುವುದು ರೂಢಿಯಾಯಿತು. ವರ್ಷದ ಕೊನೆಯಲ್ಲಿ ಆ ನಾಲ್ವರೂ ಬಿಟ್ಟುಹೋದ ಕಾರಣ ತುಂಬಿ ಎಂದು ಪರದೆ ಕೇಳಿತು. ಐದು ಕಾರಣ ಕೊಟ್ಟಿದ್ದಿರಿ: ಮದುವೆ, ಉದ್ಯೋಗ, ಅನಾರೋಗ್ಯ, ವಲಸೆ, ಆಸಕ್ತಿಯಿಲ್ಲ. ‘ಈ ಮಗು ಸೇರಿಯೇ ಇರಲಿಲ್ಲ, ಬೋಧಕ ಸುಳ್ಳು ಬರೆದ’ ಎಂಬ ಆರನೆಯ ಕಾರಣ ಇರಲಿಲ್ಲ. ಹುಡುಗಿಯ ಹೆಸರಿನ ಮುಂದೆ ಮದುವೆ ಎಂದು ಹಾಕಲು ಮನಸ್ಸು ಬರಲಿಲ್ಲ. ಆಸಕ್ತಿಯಿಲ್ಲ ಎಂಬುದನ್ನು ಒತ್ತಿ, ಕಾಫಿ ಕುಡಿಯಲು ಎದ್ದುಹೋದೆ.

ಯಾರಿಗೆ ಆಸಕ್ತಿಯಿಲ್ಲವೆಂದು ಬರೆದೆ ಎನ್ನುವುದು ಈಗ ಗೊತ್ತಾಗಿದೆ. ರುಮಾನಾಳ ತಂದೆ ದಸ್ತಗೀರ್ ಅವರದು ಮದ್ದೂರಿನಲ್ಲಿ ಮೋಟಾರು ರಿಪೇರಿಯ ಅಂಗಡಿ. ಆತಗೂರು ಕಡೆಯ ಪಂಪ್‌ಸೆಟ್ಟು ಸುಟ್ಟರೆ ಅಲ್ಲಿಗೇ ಬರುತ್ತದೆ. ಈ ಹುಡುಗಿ ಆರನೆಯ ತರಗತಿಯಿಂದಲೂ ಶಾಲೆ ಬಿಟ್ಟೊಡನೆ ಅಪ್ಪನ ಪಕ್ಕ ಕೂತು ಕಾಯಿಲ್ ಸುತ್ತಿದ್ದಾಳೆ. ಬೆರಳ ತುದಿಯಲ್ಲಿ ತಾಮ್ರದ ತಂತಿ ಕೊಯ್ದ ಗೆರೆಗಳಿವೆ. ಕಳೆದ ವರ್ಷ ಸೀಟು ಸಿಗದೆ ಹೋದಾಗ ಬೇರೆ ಯಾವ ಕಾಲೇಜಿಗೂ ಹೋಗದೆ ಒಂದು ವರ್ಷ ಅಂಗಡಿಯಲ್ಲಿ ಕೆಲಸ ಮಾಡುತ್ತ ಕಾದಳು. ಯಾಕಮ್ಮಾ ಇದೇ ಬೇಕು ಎಂದು ನಾನು ಆಮೇಲೊಮ್ಮೆ ಕೇಳಿದ್ದಕ್ಕೆ, “ಕೆಲ್ಸ ಅಬ್ಬಾಗೂ ಬತ್ತದೆ ಸಾರ್. ಕಾಗ್ದ ಇಲ್ಲ ಅಂತ ದೊಡ್ ಕೆಲ್ಸ ಯಾರೂ ಕೊಡಾಕಿಲ್ಲ. ಕಾಗ್ದ ನಾನ್ ತತ್ತೀನಿ ಅಂದಿದ್ದೆ” ಎಂದಳು.

ಮಂಡ್ಯದಲ್ಲಿ ಮೂಲ ದಾಖಲೆಗಳನ್ನು ನೋಡುವ ದಿನ ಅವಳ ಹೆಸರು ಹಾಕುತ್ತಲೇ ಪರದೆ ಕೆಂಪಾಯಿತು. ಮಧ್ಯದಲ್ಲಿ ಬಿಟ್ಟುಹೋದವರಿಗೆ ಎರಡು ವರ್ಷ ಪ್ರವೇಶವಿಲ್ಲ. “ಒಂದು ಸೀಟು ಹಾಳು ಮಾಡಿ ಇನ್ನೊಂದಕ್ಕೆ ಬಂದಿದೀಯಲ್ಲಮ್ಮ” ಎಂದು ಅಲ್ಲಿನ ಸಿಬ್ಬಂದಿ ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಅಂದರಂತೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ನನಗೆ ಹೇಳದೆ ಎಲ್ಲಾದರೂ ಸೇರಿಕೊಂಡಿದ್ದೆಯಾ ಎಂದು ಸ್ವಂತ ಅಪ್ಪನೇ ಅವಳನ್ನು ಕೇಳಿದರು. ವರ್ಷವಿಡೀ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಮಗಳನ್ನು! ಸರ್ಕಾರದ ಕಂಪ್ಯೂಟರಿಗೆ ಅಷ್ಟು ಮರ್ಯಾದೆಯಿದೆ ನಮ್ಮ ಜನರಲ್ಲಿ.

ಮರುದಿನ ಇಬ್ಬರೂ ಬಸ್ಸು ಹತ್ತಿ ನನ್ನ ಮೇಜಿನ ಮುಂದೆ ಬಂದು ಕೂತರು. “ಕಂಪ್ಯೂಟರು ಏನೋ ತಪ್ಪು ಮಾಡ್ಬುಟ್ಟದೆ ಸಾರ್, ನೀವೇ ವಸಿ ನೋಡಿ” ಎಂದರು ದಸ್ತಗೀರ್. ಹೌದು ಸಾಹೇಬರೇ, ಕಂಪ್ಯೂಟರಿನದೇ ತಪ್ಪು ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಯಲ್ಲಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ನನ್ನಿಂದಾಗಲಿಲ್ಲ. ನಡೆದದ್ದೆಲ್ಲ ಹೇಳಿದೆ. ದಸ್ತಗೀರ್ ಎದ್ದು ಕಿಟಕಿಯ ಕಡೆ ಹೋದರು. ರುಮಾನಾ ಒಂದೇ ಮಾತು ಕೇಳಿದಳು: “ಆಸಕ್ತಿ ಇಲ್ಲ ಅಂತ್ಲೂ ನೀವೇ ಬರುದ್ರಾ ಸಾರ್?” ಹೌದಮ್ಮಾ ಎಂದೆ. ಇಷ್ಟು ವರ್ಷದ ನನ್ನ ಮೇಷ್ಟ್ರಗಿರಿಯಲ್ಲಿ ಒಂದು ಮಗುವಿನ ಎದುರು ಅಷ್ಟು ಸಣ್ಣವನಾದದ್ದಿಲ್ಲ.

ಅದೇ ದಿನ ತಪ್ಪೊಪ್ಪಿಗೆ ಬರೆದು ನಿಮ್ಮ ಕಚೇರಿಗೆ ಕೊಟ್ಟೆ. ಮೂರನೆಯ ದಿನವೇ ಉತ್ತರ ಬಂತು. ನಿಮ್ಮಿಂದ ಇಷ್ಟು ಬೇಗ ಉತ್ತರ ಬಂದದ್ದು ನನ್ನ ಸೇವೆಯಲ್ಲೇ ಮೊದಲು. ನನ್ನ ಮೇಲೆ ಇಲಾಖಾ ವಿಚಾರಣೆ ನಡೆಯುತ್ತದೆ ಎಂದಿತ್ತು. ಸಂತೋಷ. ಅದರ ಕೆಳಗೆ ಇನ್ನೊಂದು ಸಾಲು: ಸದರಿ ದಾಖಲೆಯು ಸಾಕ್ಷ್ಯವಾಗಿರುವುದರಿಂದ ವಿಚಾರಣೆ ಮುಗಿಯುವವರೆಗೆ ಅದರಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ. ವಿಚಾರಣೆಗೆ ಎಷ್ಟು ದಿನ ಎಂದು ಕೇಳಿದರೆ, ಬೇಗನೆಂದರೆ ಆರು ತಿಂಗಳು. ಎಂಥ ಜಾಗರೂಕತೆ! ಸುಳ್ಳು ಬರೆಯುವಾಗ ನಿಮಗೆ ಒಂದು ಒಟಿಪಿ ಸಾಕಾಗಿತ್ತು. ಮಗು ಎಲ್ಲಿ, ಮಗುವಿನ ಸಹಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾಲ್ಕು ಮಕ್ಕಳಿಗೆ ಒಂದೇ ಮೊಬೈಲ್ ಸಂಖ್ಯೆ ಏಕೆ ಎಂದು ಯಾರಿಗೂ ಅನುಮಾನ ಬರಲಿಲ್ಲ. ವರ್ಷವಿಡೀ ಗೈರಾದ ಹುಡುಗಿಯ ಮನೆಗೆ ಒಬ್ಬರಾದರೂ ಹೋಗಿ, ಏನಾಗಿದೆ ನಿಮ್ಮ ಮಗಳಿಗೆ ಎಂದು ವಿಚಾರಿಸಿದಿರಾ? ಈಗ ಸುಳ್ಳು ಸುಳ್ಳೆಂದು ಗೊತ್ತಾದ ಮೇಲೆ ಅದಕ್ಕೆ ಇಷ್ಟು ಬಿಗಿಯಾದ ಕಾವಲೇ?

ಮೂರು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ಮೂರನೆಯ ಸಲ ನಿಮ್ಮ ಕೈಕೆಳಗಿನ ಅಧಿಕಾರಿಯೊಬ್ಬರು ಕನಿಕರಪಟ್ಟು ಗುಟ್ಟು ಹೇಳಿದರು: “ತಾಂತ್ರಿಕ ದೋಷ ಅಂತ ಒಂದು ಅರ್ಜಿ ಕೊಟ್ಟಿದ್ರೆ ಎರಡು ದಿನದಲ್ಲಿ ತೆಗೀತಿದ್ವಿ. ನೀವಾಗೇ ಒಪ್ಕೊಂಡು ಕೇಸು ಮಾಡ್ಕೊಂಡ್ರಿ.” ಅಂದರೆ, ಎರಡನೆಯ ಸುಳ್ಳು ಹೇಳಿದ್ದರೆ ಆ ಹುಡುಗಿ ಇಷ್ಟು ಹೊತ್ತಿಗೆ ತರಗತಿಯಲ್ಲಿರುತ್ತಿದ್ದಳು. ಅಲ್ಲಿಂದ ನೇರ ಮದ್ದೂರಿಗೆ ಹೋಗಿ ದಸ್ತಗೀರ್ ಅವರಿಗೆ ಇದನ್ನೂ ತಿಳಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೈ ಒರೆಸಿಕೊಳ್ಳುತ್ತ, “ನೀವ್ ಬಾಯ್ ಮುಚ್ಕೊಂಡಿದ್ರೇ ಚೆಂದಾಗಿತ್ತು ಕಣ್ ಸಾರ್” ಎಂದರು. ರುಮಾನಾ ಮೋಟಾರಿನ ಮೇಲಿಂದ ತಲೆ ಎತ್ತಲಿಲ್ಲ.

ಆ ಹನ್ನೆರಡು ಹುಡುಗರೂ ಈ ವರ್ಷ ಪಾಸಾಗಿದ್ದಾರೆ. ಅವರಲ್ಲಿ ಒಬ್ಬೊಬ್ಬರು ಸಿಹಿ ತಂದು ಕೊಡುವಾಗ ಮಾಡಿದ್ದು ಪೂರ್ತಿ ತಪ್ಪೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಅವರ ಸೀಟು ಉಳಿಸಲು ನಾನು ಬಳಸಿದ್ದು ಇನ್ನೊಬ್ಬಳ ಹೆಸರು, ಅದೂ ಅವಳನ್ನು ಕೇಳದೆ. ಈ ಸಂಕಟಕ್ಕೆ ನಿಮ್ಮಿಂದ ಪರಿಹಾರ ಕೇಳುತ್ತಿಲ್ಲ, ಕ್ಷಮೆಯನ್ನಂತೂ ಕೇಳುತ್ತಿಲ್ಲ.

ನಾನು ಕೇಳುವುದು ಇಷ್ಟೇ. ಆ ದಾಖಲೆಯನ್ನು ಮುದ್ರಿಸಿ, ಮೊಹರು ಹಾಕಿ, ನನ್ನ ಸಹಿ ಪಡೆದು ಕಡತದಲ್ಲಿಡಿ, ನಿಮ್ಮ ವಿಚಾರಣೆಗೆ ಸಾಕ್ಷ್ಯ ಅಷ್ಟು ಸಾಕು. ಪೋರ್ಟಲ್ಲಿನಿಂದ ರುಮಾನಾಳ ಹೆಸರನ್ನೂ, ಇನ್ನೂ ಏನೂ ಗೊತ್ತಿಲ್ಲದ ಆ ಮೂವರು ಹುಡುಗರ ಹೆಸರನ್ನೂ ತೆಗೆಯಿರಿ. ಅವಳು ಎಲ್ಲಿಯೂ ಸೇರಿರಲಿಲ್ಲ, ಎಲ್ಲಿಂದಲೂ ಬಿಟ್ಟುಹೋಗಿಲ್ಲ ಎಂದು ನಿಮ್ಮ ಸಹಿಯಲ್ಲಿ ಒಂದು ಪತ್ರ ಕೊಡಿ, ಅವಳ ಅಪ್ಪನ ಕೈಗೇ ಕೊಡಿ. ನನ್ನ ವಿಚಾರಣೆಯನ್ನು ಆರು ತಿಂಗಳಾದರೂ ಮಾಡಿ, ಆರು ವರ್ಷವಾದರೂ ಮಾಡಿ. ಕರೆದಾಗ ಬರುತ್ತೇನೆ, ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತೇನೆ. ನಾನು ಎಲ್ಲಿಗೂ ಓಡಿಹೋಗುವುದಿಲ್ಲ, ಮಾನ್ಯರೇ. ಮೂವತ್ತನೆಯ ತಾರೀಖು ಕಳೆದರೆ ಅವಳ ಸೀಟು ಹೋಗುತ್ತದೆ.

ಇಂತಿ,
ನಿಜ ಹೇಳಿ ಒಂದು ಮಗುವಿನ ದಾರಿಗೆ ಎರಡನೆಯ ಸಲ ಅಡ್ಡ ನಿಂತ,
ಸುಧೀಂದ್ರ
ಬೋಧಕ, ಮಳವಳ್ಳಿ ತಾಲ್ಲೂಕು