ಕೊಳೆಯನ್ನು ಯಾರೂ ಕೀಳುವುದಿಲ್ಲ

ಭಾನುವಾರ, ಮಾರ್ಚ್ ೧೭

ಪ್ರೀತಿಯ ತಂಗೀ,

ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಬೈಯುವುದಿದ್ದರೆ ಬೈದುಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಮೊಣಕಾಲು ನೋವು ಹೇಗಿದೆ? ಬೇಕರಿಯಲ್ಲಿ ಇಡೀ ದಿನ ನಿಂತೇ ಇರುತ್ತೀಯಂತೆ. ಒಂದು ಸ್ಟೂಲ್ ಹಾಕಿಕೊಂಡರೆ ಯಾರಾದರೂ ಬೇಡ ಅನ್ನುತ್ತಾರೇನೇ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಸಾಲದು, ಗೆದ್ದಿದ್ದೇನೆ. ಅರ್ಧ ಸುದ್ದಿ ನೀನು ಪತ್ರಿಕೆಯಲ್ಲಿ ಓದಿರುತ್ತೀಯ. ಉಳಿದರ್ಧವನ್ನು ನನ್ನ ಬಾಯಿಂದಲೇ ಕೇಳು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಮೇಜು. ಅಲ್ಲಿ ಐದೈದು ನಿಮಿಷದ ಸರದಿ. ಯಾರು ಏನೇ ಆಡಲಿ, ಶೀಘ್ರಲಿಪಿಯಲ್ಲಿ ಬರೆದುಕೊಳ್ಳಬೇಕು, ಮಹಡಿಗೆ ಹೋಗಿ ಟೈಪ್ ಮಾಡಬೇಕು, ಸಹಿ ಹಾಕಬೇಕು. ಮೂವತ್ತೊಂದು ವರ್ಷದಿಂದ ಇದೇ. ಬೈಗುಳವನ್ನೂ ಬರೆದಿದ್ದೇನೆ, ಆಕಳಿಕೆಯೊಂದನ್ನು ಮಾತ್ರ ಬಿಟ್ಟಿದ್ದೇನೆ.

ಹೋದ ತಿಂಗಳು ಕಾಲುವೆ ಕೇರಿಯವರಿಗೆ ಮನೆಯ ಹಕ್ಕುಪತ್ರ ಕೊಡುವ ವಿಷಯ ಚರ್ಚೆಗೆ ಬಂತು. ತಮ್ಮ ಕಡೆಯವರು ಮೇಜು ಕುಟ್ಟುತ್ತಿರುವಾಗಲೇ ವಸತಿ ಮಂತ್ರಿಗಳು ಎದ್ದು ನಿಂತು, ಕೈ ಬೀಸಿ, “ಕಾಲುವೆ ಪಕ್ಕದ ಆ ಕಳೆ ಕೀಳೋ ಕೆಲಸಾನ ನಮ್ಮ ಹಿರಿಯರು ಅರ್ಧಕ್ಕೆ ಬಿಟ್ರು, ನಾವು ಮುಗಿಸ್ತೀವಿ” ಅಂದುಬಿಟ್ಟರು. ನನ್ನ ಸರದಿಯ ಮೂರನೇ ನಿಮಿಷ. ಕೈ ಮಾತ್ರ ನಿಲ್ಲದೆ ಬರೆಯಿತು.

ನೀನು ಹುಟ್ಟುವುದಕ್ಕೆ ಮುಂಚಿನ ಮಾತು, ಅಮ್ಮ ಹೇಳಿದ್ದಷ್ಟೇ ನಿನಗೆ ಗೊತ್ತು. ಆಗ ರೇಡಿಯೋದಲ್ಲಿ ನಮ್ಮವರನ್ನು ‘ಕಳೆ’ ಎಂದೇ ಕರೆಯುತ್ತಿದ್ದರು. ಮೊದಲು ಅದೊಂದು ಪದ. ಆಮೇಲೆ ಬಾಗಿಲುಗಳ ಮೇಲಿನ ಬರಹ. ಮೂರೇ ವಾರಕ್ಕೆ ನಮ್ಮ ಬೀದಿಯಲ್ಲಿ ಒಲೆ ಉರಿಯುವ ಮನೆ ಒಂದೂ ಉಳಿಯಲಿಲ್ಲ. ಕೆಲವರು ಬದುಕಲಿಲ್ಲ. ಬದುಕಿದವರು ಕಾಲುವೆ ದಡದಲ್ಲಿ ತಗಡು ಹೊದಿಸಿಕೊಂಡರು. ಅಪ್ಪ ನಮ್ಮನ್ನು ನಗರದ ಇನ್ನೊಂದು ತುದಿಗೆ ಕರೆತಂದು, “ನಾವು ಯಾರು ಅಂತ ಯಾರಿಗೂ ಬಾಯಿಬಿಡಕೂಡದು” ಅಂದರು. ನಾನು ಇಷ್ಟು ವರ್ಷ ಕಚೇರಿಯಲ್ಲೂ ಬಾಯಿಬಿಟ್ಟಿರಲಿಲ್ಲ.

ಆ ಪದ ಕಿವಿಗೆ ಬಿದ್ದದ್ದೇ ಸದನ ರಣರಂಗವಾಯಿತು. ಒಂದು ಕಡೆಯವರು ಇನ್ನೂ ಜೋರಾಗಿ ಮೇಜು ಕುಟ್ಟಿದರು, ಇನ್ನೊಂದು ಕಡೆಯವರು ಪೀಠದ ಮುಂದಿನ ಬಾವಿಗಿಳಿದರು. ಮರುದಿನ ಮಂತ್ರಿಗಳು ಪತ್ರಿಕೆಯವರ ಮುಂದೆ ಮುಗ್ಧರಾದರು. “ನಾನು ಅಂದಿದ್ದು ಕೊಳೆ. ಕಾಲುವೆ ಕೊಳೆ. ಸದನದ ವರದಿಗಾರ್ತಿಗೆ ಕಿವಿ ಮಂದ ಇರ್ಬೇಕು.” ಧ್ವನಿಮುದ್ರಣ ಹಾಕಿ ಕೇಳಿದರೆ ಮೇಜು ಕುಟ್ಟುವ ಸದ್ದು ಬಿಟ್ಟು ಬೇರೇನಿಲ್ಲ. ಕಳೆಯೋ ಕೊಳೆಯೋ ಹೇಳಬೇಕಾದದ್ದು ನನ್ನ ಶೀಘ್ರಲಿಪಿ ಪುಸ್ತಕದ ಒಂದು ಗೀಟು.

ಕಾರ್ಯದರ್ಶಿಗಳು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. ಮಂತ್ರಿಗಳ ಸಹಿ ಇದ್ದ ತಿದ್ದುಪಡಿ ಚೀಟಿಯನ್ನು ನನ್ನ ಕಡೆ ಸರಿಸಿ, “ಅಮ್ಮಾ, ಒಂದಕ್ಷರ. ಒಂದೇ ಒಂದಕ್ಷರ. ನಿಮ್ಮ ಗಂಟೇನು ಹೋಗುತ್ತೆ? ನಿವೃತ್ತಿಗೆ ಎಂಟು ತಿಂಗಳಿದೆ, ಯಾಕೆ ಮೈಮೇಲೆ ಎಳ್ಕೋತೀರಿ?” ಅಂದರು.

“ಸಾರ್, ಮೂವತ್ತೊಂದು ವರ್ಷ ನಾನು ಬರೆದಿದ್ದು ಸುಳ್ಳು ಅಂತ ಯಾರೂ ಅಂದಿಲ್ಲ. ಈಗ ನಾನೇ ಅನ್ನಲಾ?” ಅಂದೆ. ಹಾಗಂದದ್ದು ನಾನೇನಾ ಎಂದು ಮೆಟ್ಟಿಲಿಳಿಯುವಾಗ ಅನುಮಾನವಾಯಿತು.

ವಿಷಯ ಸದನದ ವಿಚಾರಣಾ ಸಮಿತಿಗೆ ಹೋಯಿತು. ಏಳು ಮಂದಿ ಸದಸ್ಯರು, ನಾಲ್ವರು ಮಂತ್ರಿಗಳ ಪಕ್ಷದವರೇ. ಮಂತ್ರಿಗಳು ಎದುರಿಗೇ ಕೂತಿದ್ದರು. ಅವರ ಗೆಳೆಯರಾದ ವಕೀಲ ಸದಸ್ಯರೊಬ್ಬರು ಕನ್ನಡಕ ಒರೆಸುತ್ತಾ, “ನಿಮ್ಮ ತಂದೆಯವರು ಮೊದಲು ಯಾವ ಬೀದೀಲಿದ್ರಮ್ಮಾ?” ಎಂದು ಕೇಳಿದರು. ಕೆದಕಿ ಬಂದಿದ್ದಾರೆ ಎಂದು ತಿಳಿಯಿತು. ಒಂದು ಕ್ಷಣ ಅಪ್ಪನ ಮುಖ ಕಣ್ಣಮುಂದೆ ಬಂತು. ಆಮೇಲೆ ಬೀದಿಯ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಹೇಳಿದೆ.

“ಹಾಗಾದ್ರೆ ನೀವೂ ಅವ್ರೇ.”

“ಹೌದು ಸಾರ್, ನಾನೂ ಅವರೇ. ಅದಕ್ಕೇ ಆ ಪದ ನನಗೆ ತಪ್ಪಾಗಿ ಕೇಳಿಸೋಕೆ ಸಾಧ್ಯ ಇಲ್ಲ.”

ವಕೀಲರು ಬಿಡಲಿಲ್ಲ. “ಅಂದ್ರೆ ಮನಸ್ಸಲ್ಲಿದ್ದಿದ್ದೇ ಕಿವಿಗೆ ಬಿತ್ತು ಅನ್ನಿ.”

ಆಗ ನಾನು ಆ ತಿದ್ದುಪಡಿ ಚೀಟಿಯನ್ನು ಕೇಳಿ ಪಡೆದೆ. ಮಂತ್ರಿಗಳೇ ಸಹಿ ಹಾಕಿದ ಸಾಲನ್ನು ಗಟ್ಟಿಯಾಗಿ ಓದಿದೆ: “ಆ ಕೊಳೆ ಕೀಳುವ ಕೆಲಸವನ್ನು ನಮ್ಮ ಹಿರಿಯರು ಅರ್ಧಕ್ಕೆ ಬಿಟ್ಟರು.” ಓದಿ, “ಸ್ವಾಮೀ, ನನ್ನ ಕಿವಿ ಬಿಡಿ. ಕೊಳೆಯನ್ನ ತೊಳೀತಾರೆ, ಬಳೀತಾರೆ, ಎತ್ತಿ ಹಾಕ್ತಾರೆ. ಕೀಳೋದು ಯಾರು? ಒಂದಕ್ಷರ ತಿದ್ದೋ ಅವಸರದಲ್ಲಿ ಮುಂದಿನ ಪದ ನೋಡೋದನ್ನೇ ಮರೆತಿದ್ದಾರೆ” ಅಂದೆ.

ಮೂಲೆಯಲ್ಲಿ ಒಬ್ಬ ಮುದುಕರು ಕೂತಿದ್ದರು, ಮಂತ್ರಿಗಳ ಪಕ್ಷದ ಹಿರಿಯ ರೈತ ಸದಸ್ಯರು. ಸದನದಲ್ಲಿ ಅವರಿಗೆ ‘ಮೌನಿ ತಾತ’ ಎಂದೇ ಹೆಸರು. ಹನ್ನೆರಡು ವರ್ಷದಲ್ಲಿ ಅವರ ಮಾತು ನನ್ನ ಪುಸ್ತಕದಲ್ಲಿ ಒಂದು ಪುಟ ತುಂಬಿಲ್ಲ. ಅವರು ಮೊದಲು ಭುಜ ಕುಣಿಸಿದರು, ಆಮೇಲೆ ಜೋರಾಗಿ ನಕ್ಕೇಬಿಟ್ಟರು. “ಅಲ್ಲಪ್ಪಾ, ನಲವತ್ತು ವರ್ಷ ಹೊಲ ಮಾಡಿದೀನಿ. ಕೊಳೆ ಕಿತ್ತೋನ್ನ ಇವತ್ತಿನವರೆಗೂ ನಾನು ಕಂಡಿಲ್ಲ!” ನಗು ಸರಕ್ಕನೆ ನಿಂತಿತು. ಮಂತ್ರಿಗಳ ಕಡೆ ತಿರುಗಿ, “ನಮ್ಮಪ್ಪ ಆಗ ಆ ಪದ ಆಡ್ದೋರಲ್ಲಿ ಒಬ್ರು. ಸಾಯೋವಾಗ ಅದನ್ನೇ ನೆನೆಸ್ಕೊಂಡು ಅಳ್ತಿದ್ರು. ನೀವು ಆಡಿದ್ದೀರಿ. ಒಪ್ಕೊಳ್ಳಿ” ಅಂದರು.

ಐದು ಮತ ನನ್ನ ಕಡೆ, ಎರಡು ಅವರ ಕಡೆ. ನನ್ನ ವರದಿಯೇ ಸರಿ ಎಂದು ತೀರ್ಪಾಯಿತು. ಆ ಪದವನ್ನು ಕಡತದಿಂದ ತೆಗೆಯೋಣವೇ ಎಂದು ಸದನದಲ್ಲಿ ಸಭಾಧ್ಯಕ್ಷರು ಕೇಳಿದಾಗ ಕಾಲುವೆ ಕೇರಿಯ ಶಾಸಕಿಯೇ ಎದ್ದು, “ಬೇಡ. ತೆಗೆದರೆ ನಾಳೆ ಆಡೇ ಇಲ್ಲ ಅಂತಾರೆ. ಇರಲಿ, ಪಕ್ಕದಲ್ಲಿ ಕ್ಷಮೆಯೂ ಇರಲಿ” ಎಂದರು.

ಮೊನ್ನೆ ಶುಕ್ರವಾರ ಮಂತ್ರಿಗಳು ಸದನದಲ್ಲಿ ಕ್ಷಮೆ ಕೇಳಿದರು. ಅದು ನನ್ನ ಸರದಿಯಲ್ಲ, ನಮ್ಮ ಪೆನ್ಸಿಲ್ ರಾಯರದು. ಕಿವಿಯ ಹಿಂದೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ನನ್ನ ಸಹೋದ್ಯೋಗಿ. ಅವರು ಇದ್ದಕ್ಕಿದ್ದಂತೆ ಎದ್ದು, “ಅಕ್ಕಾ, ನನಗ್ಯಾಕೋ ಕೈ ಹಿಡ್ಕೊಂಡಿದೆ, ನೀವೇ ಕೂತ್ಕೊಳ್ಳಿ” ಎಂದು ಕುರ್ಚಿ ಬಿಟ್ಟುಕೊಟ್ಟರು. ಅಂಥ ಚಂದದ ಸುಳ್ಳನ್ನು ಆ ಸದನದಲ್ಲಿ ನಾನು ಕೇಳಿರಲಿಲ್ಲ. ಕ್ಷಮೆಯ ಹನ್ನೊಂದು ಸಾಲನ್ನೂ ನಾನೇ ಬರೆದುಕೊಂಡೆ. ತಲೆ ಎತ್ತಿದರೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಕಾಲುವೆ ಕೇರಿಯವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಅಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲ. ಸುಮ್ಮನೆ ನಿಂತರು, ಅಷ್ಟೇ. ಅದೇ ದಿನ ಹಕ್ಕುಪತ್ರದ ಮಸೂದೆಯೂ ಪಾಸಾಯಿತು!

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಈ ಪತ್ರ ಓದಿ ಹೇಳು, ಅವರ ವಂಶ ಯಾವುದೆಂದು ಈಗ ತಿಳಿಯಲಿ. ಎದೆ ಸೆಟೆಸಿ ನಡೆಯುವ ಮಕ್ಕಳಾಗಲಿ, ನೂರು ವರ್ಷ ಬಾಳಲಿ. ನಿನ್ನ ಕೈಯ ಬ್ರೆಡ್ಡು ಸದಾ ಉಬ್ಬಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಇದನ್ನು ಮಕ್ಕಳಿಗೆ ಓದಬೇಡ. ನಾನು ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ಸ್ವೆಟರ್ ಬಿಟ್ಟು ಹೋಗಿದ್ದೆ. ಅಜ್ಜಿ ಅದನ್ನು ಹಿಡಿದುಕೊಂಡು ಶಾಲೆಯ ಗೇಟಿಗೆ ಬಂದಳು. ಅವಳ ಮಾತಿನ ಧಾಟಿ ಕೇಳಿದರೆ ನಾವು ಯಾರೆಂದು ಗೊತ್ತಾಗಿಬಿಡುತ್ತಿತ್ತು. “ಯಾರೇ ಆ ಮುದುಕಿ?” ಎಂದು ಗೆಳತಿಯರು ಕೇಳಿದರು. “ನಂಗೇನು ಗೊತ್ತು, ಯಾವುದೋ ಕಳೆ” ಅಂದೆ. ಅಜ್ಜಿ ನಾಲ್ಕು ಮಾರು ದೂರದಲ್ಲಿದ್ದಳು. ಅವಳಿಗೆ ಕೇಳಿಸಿತು. ನನ್ನ ಕಡೆ ನೋಡದೆ ಕಾವಲುಗಾರನ ಕೈಗೆ ಸ್ವೆಟರ್ ಕೊಟ್ಟು, “ದಾರೀಲಿ ಬಿದ್ದಿತ್ತಪ್ಪಾ, ಯಾವ ಮಗೂದೋ ನೋಡು” ಅಂದು ಹೊರಟುಹೋದಳು. ಸಂಜೆ ಎಂದಿನಂತೆ ನನ್ನ ತಲೆ ಬಾಚಿ ಎರಡು ಜಡೆ ಹಾಕಿದಳು. ಅಮ್ಮನಿಗೂ ಹೇಳಲಿಲ್ಲ. ಎಲ್ಲರ ಅಜ್ಜಿಯರೂ ಬರುತ್ತಾರೆ, ನಮ್ಮಜ್ಜಿ ಮಾತ್ರ ಶಾಲೆಯ ಕಡೆ ಯಾಕೆ ತಲೆ ಹಾಕುವುದಿಲ್ಲ ಎಂದು ನೀನು ಚಿಕ್ಕಂದಿನಲ್ಲಿ ಅಳುತ್ತಿದ್ದೆ. ಕಾರಣ ನಾನು, ತಂಗೀ.